ನೆಲ ನೋಡಿ ಕಟ್ಟಿದ ಕಟ್ಟು

ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ತಂತ್ರಾಂಶವು 1996ರವರೆಗೂ ಅಮೆರಿಕದ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿತ್ತು. ಬಳಿಕ ವಾಣಿಜ್ಯ ಇಲಾಖೆಗೆ ವರ್ಗವಾದರೂ ರಫ್ತಿನ ನಿರ್ಬಂಧ ಉಳಿಯಿತು. ಆದ್ದರಿಂದ ‘ಡೆಬಿಯನ್’ ಎಂಬ ಮುಕ್ತ ತಂತ್ರಾಂಶ ಸಂಕಲನದ ಸ್ವಯಂಸೇವಕರು ಇಂಥ ಪ್ಯಾಕೇಜುಗಳಿಗೆಂದೇ ಆ ದೇಶದ ಹೊರಗಿನ ಸರ್ವರಿನಲ್ಲಿ ‘ನಾನ್-ಯುಎಸ್’ ಎಂಬ ಪ್ರತ್ಯೇಕ ಭಂಡಾರವನ್ನಿರಿಸಿದರು. ಅಲ್ಲಿಂದ ಅಮೆರಿಕಕ್ಕೆ ಇಳಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಇಳಿಸಿಕೊಂಡದ್ದನ್ನೇ ಮರಳಿ ಹೊರಗೆ ಕಳುಹಿಸಿದರೆ ಅದು ರಫ್ತು. ಪ್ಯಾಕೇಜು ಕಟ್ಟುವವನ ಕೌಶಲದಷ್ಟೇ ಅವನು ಕುಳಿತ ನೆಲವೂ ಮುಖ್ಯವಾಯಿತು.

ವಿಚಿತ್ರವೆಂದರೆ, ಮುದ್ರಿತ ಪುಸ್ತಕಕ್ಕೆ ಈ ನಿರ್ಬಂಧವಿರಲಿಲ್ಲ. ಫಿಲ್ ಜಿಮ್ಮರ್‌ಮನ್ ರೂಪಿಸಿದ ‘ಪಿಜಿಪಿ’ಯ ಮೂಲಸಂಕೇತವನ್ನು ಪುಸ್ತಕಗಳಾಗಿ ಅಚ್ಚು ಹಾಕಿ, ಯುರೋಪಿಗೆ ಸಾಗಿಸಿ, 1997ರಲ್ಲಿ ಅಲ್ಲಿ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶವಾಗಿಸಿದರು. ಅಕ್ಷರಗಳು ಅವೇ, ಕಾಗದದ ಮೇಲೆ ಅವು ಗ್ರಂಥ, ಡಿಸ್ಕಿನಲ್ಲಿ ನಿರ್ಬಂಧಿತ ಸರಕು. ಪಠ್ಯವನ್ನು ಅದರ ಮಾಧ್ಯಮದಿಂದ ಇಷ್ಟು ನಿಷ್ಠುರವಾಗಿ ಬೇರ್ಪಡಿಸುವ ಧೈರ್ಯ ಸಾಹಿತ್ಯ ವಿಮರ್ಶೆಗೂ ಇದ್ದಂತಿಲ್ಲ!

2000ದ ಜನವರಿಯಲ್ಲಿ ನಿಯಮ ಸಡಿಲವಾಯಿತು. ಎಲ್ಲರಿಗೂ ಬಹಿರಂಗವಾಗಿ ಲಭ್ಯವಿರುವ ಮೂಲಸಂಕೇತಕ್ಕೆ ಪೂರ್ವಾನುಮತಿ ಬೇಕಿಲ್ಲ, ಅದು ದೊರೆಯುವ ಜಾಲವಿಳಾಸವನ್ನು ಸರ್ಕಾರಕ್ಕೆ ತಿಳಿಸಿದರೆ ಸಾಕು ಎಂದಾಯಿತು. ಡೆಬಿಯನ್ ವಕೀಲರ ಸಲಹೆ ಪಡೆದು, 2002ರಲ್ಲಿ ಗೂಢಲಿಪಿಯ ಪ್ಯಾಕೇಜುಗಳನ್ನು ಮುಖ್ಯ ಭಂಡಾರದೊಳಕ್ಕೆ ಸೇರಿಸತೊಡಗಿತು.