ಸ್ಕಾಲರ್‌ಶಿಪ್: ‘ನಮಗೆಲ್ಲಿ ಸಿಗುತ್ತದೆ’ ಎನ್ನುವ ಮುನ್ನ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, “ಎಷ್ಟು ಪರ್ಸೆಂಟ್?” ಇನ್ನೊಂದು, ಕಾಲೇಜಿನ ಫೀಸಿನ ಪಟ್ಟಿ ನೋಡಿ ಅಪ್ಪ ಕನ್ನಡಕ ತೆಗೆದಿಟ್ಟು ಹೇಳುವ ಮಾತು: “ಸ್ಕಾಲರ್‌ಶಿಪ್ಪೆಲ್ಲ ನಮಗೆಲ್ಲಿ ಸಿಗುತ್ತದೆ, ನಾವು ಹೊರಗಿನವರು.” ಮೊದಲನೆಯದಕ್ಕೆ ಉತ್ತರ ನಿಮ್ಮಲ್ಲೇ ಇದೆ. ಎರಡನೆಯದರ ಬಗ್ಗೆ ನಿಮ್ಮೊಡನೆ ಸ್ವಲ್ಪ ಮಾತಾಡಬೇಕೆಂದು ಕುಳಿತಿದ್ದೇನೆ.

ನಾನೇನೂ ಈ ವಿಷಯದಲ್ಲಿ ಪಂಡಿತೆಯಲ್ಲ. ಇಂಗ್ಲಿಷಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಸಂಸಾರ ನೋಡಿಕೊಂಡಿರುವ ಗೃಹಿಣಿ. ಗೊತ್ತಿರುವುದೆಲ್ಲ ಪೆಟ್ಟು ತಿಂದು ಕಲಿತದ್ದು. 2018ರಲ್ಲಿ ನಮ್ಮ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ನಮ್ಮವರದು ಖಾಸಗಿ ಕಂಪನಿಯ ಗುಮಾಸ್ತಗಿರಿ. ನನ್ನ ಎರಡು ಜೊತೆ ಬಳೆ ಅಡವಿಟ್ಟು ಮೊದಲ ವರ್ಷದ ಪೂರ್ತಿ ಫೀಸು ಕಟ್ಟಿದೆವು. ಮರುವರ್ಷ ಎದುರು ಮನೆಯ ವಹಿನಿಯೊಡನೆ ತರಕಾರಿ ತರಲು ಹೋಗಿದ್ದಾಗ ಆಕೆ ಸಹಜವಾಗಿ ಹೇಳಿದರು, “ನಮ್ಮ ಹುಡುಗನದು ಅರ್ಧ ಫೀಸು ಸರ್ಕಾರ ಕೊಡುತ್ತದಲ್ಲ, ನಿಮ್ಮವಳದೂ ಹಾಗೇ ಅಲ್ಲವೆ?” ಆ ಹುಡುಗನ ಅಂಕ ನಮ್ಮ ಮಗಳಿಗಿಂತ ಕಡಿಮೆ. ಅವರ ಮನೆಯ ಸಂಬಳ ನಮ್ಮಷ್ಟೇ. ವ್ಯತ್ಯಾಸ ಒಂದೇ, ಅವರು ಅರ್ಜಿ ಹಾಕಿದ್ದರು. ನಾವು ಕೇಳಿಯೂ ಇರಲಿಲ್ಲ. ಅಂದು ರಾತ್ರಿ ನಮ್ಮವರು ಸರಿಯಾಗಿ ಊಟ ಮಾಡಲಿಲ್ಲ.

ವಹಿನಿ ಹೇಳಿದ್ದು ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆ. ಮೀಸಲಾತಿ ಇಲ್ಲದ ವರ್ಗದ ಮಕ್ಕಳಿಗೂ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಬೋಧನಾ ಶುಲ್ಕದ ಅರ್ಧವನ್ನು ಮಹಾರಾಷ್ಟ್ರ ಸರ್ಕಾರ ಕೊಡುತ್ತದೆ. ಅರ್ಜಿ ಹಾಕುವುದು ‘ಮಹಾಡಿಬಿಟಿ’ ಪೋರ್ಟಲ್‌ನಲ್ಲಿ. ಎಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಸೀಟು ಸರ್ಕಾರದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕವೇ ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. “ಒಳ್ಳೆಯ ಕಾಲೇಜು, ಸ್ವಲ್ಪ ಹೆಚ್ಚು ಕೊಟ್ಟು ಸೇರಿಸಿಬಿಡೋಣ” ಎನ್ನುವ ತಂದೆಯರಿಗೆ ಈ ಮಾತನ್ನು ಮೊದಲೇ ಹೇಳಿ. ಒಂದು ಮನೆಯ ಇಬ್ಬರು ಮಕ್ಕಳಿಗೆ ಮಾತ್ರ ಎಂಬ ನಿಯಮವೂ ಇದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಅನುಕೂಲವಾಗಿದೆ. 2024ರ ಜುಲೈನ ಆದೇಶದಂತೆ ಆರ್ಥಿಕವಾಗಿ ಹಿಂದುಳಿದ, ಎಸ್‌ಇಬಿಸಿ ಮತ್ತು ಒಬಿಸಿ ವರ್ಗಗಳ ಹುಡುಗಿಯರಿಗೆ, ಅದೇ 8 ಲಕ್ಷದ ಮಿತಿಯೊಳಗೆ, ವೃತ್ತಿಶಿಕ್ಷಣದ ಬೋಧನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಪೂರ್ತಿ ಮಾಫಿ.

ಇದರಲ್ಲಿ ‘ಹೊರಗಿನವರು’ ಎಂಬ ಪ್ರಶ್ನೆ ಎಲ್ಲಿ ಬರುತ್ತದೆ? ಕೇಳುವುದು ಡೊಮಿಸೈಲ್ ಸರ್ಟಿಫಿಕೇಟ್. ಅದಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರುವ ದಾಖಲೆ ಸಾಕು. ಮನೆಮಾತು ಕನ್ನಡವೋ ತುಳುವೋ ಕೊಂಕಣಿಯೋ ಎಂದು ಯಾರೂ ಕೇಳುವುದಿಲ್ಲ. ಇಲ್ಲಿಯೇ ಬೆಳೆದು, ಇಲ್ಲಿಯೇ ಶಾಲೆ ಕಲಿತ ನಿಮ್ಮಲ್ಲಿ ಹೆಚ್ಚಿನವರು ಈ ಲೆಕ್ಕದಲ್ಲಿ ಒಳಗಿನವರೇ. ನಾವು ಎರಡನೆಯ ವರ್ಷ ಅರ್ಜಿ ಹಾಕಿದೆವು, ಮಂಜೂರಾಯಿತು. ಮೊದಲ ವರ್ಷದ್ದು ಹೋದದ್ದು ಹೋಯಿತು.

ಆದರೆ ಜಾತಿಯ ಆಧಾರದ ವಿದ್ಯಾರ್ಥಿವೇತನಕ್ಕೆ ಬಂದಾಗ ಕಥೆ ಬೇರೆ. ನಮ್ಮ ಬಡಾವಣೆಯ ಹಿಂದೆ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಅನೇಕ ಸಂಸಾರಗಳಿವೆ. ಅವರಲ್ಲಿ ಒಬ್ಬಳು ಹುಡುಗಿ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು, ಕರ್ನಾಟಕದ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಲಗತ್ತಿಸಿ ಇಲ್ಲಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದಳು. ತಿರಸ್ಕೃತವಾಯಿತು. ಕಾಲೇಜಿನ ಗುಮಾಸ್ತರು ಕಾರಣ ವಿವರಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ಕಣ್ಣೀರು ಹಾಕಿಕೊಂಡು ನಮ್ಮ ಮನೆಗೆ ಬಂದಳು. “ಆಂಟಿ, ನನ್ನ ಜಾತಿ ಸುಳ್ಳು ಅಂತಾರಾ?” ಎಂದಳು. ಹಾಗಲ್ಲಮ್ಮ ಎಂದು ಸಮಾಧಾನ ಹೇಳಿದೆನೇ ಹೊರತು ನನಗೂ ಆಗ ಕಾರಣ ತಿಳಿದಿರಲಿಲ್ಲ.

ಕಾರಣ ಇಷ್ಟು. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೂ ಬೇರೆ. ಆಂಧ್ರದಿಂದ ಬಾಲ್ಯದಲ್ಲೇ ಮುಂಬಯಿಗೆ ಬಂದು ಇಲ್ಲಿಯೇ ಓದಿದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ವೈದ್ಯಕೀಯ ಸೀಟಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದ. 1990ರಲ್ಲಿ ಸಂವಿಧಾನ ಪೀಠ ಹೇಳಿತು: ಒಂದು ರಾಜ್ಯದ ಪಟ್ಟಿಯಲ್ಲಿರುವವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಆ ಸೌಲಭ್ಯ ತಾನಾಗಿ ಅವರ ಜೊತೆ ಹೋಗುವುದಿಲ್ಲ. ಓದುತ್ತಾ ಹೋದಂತೆ ನನಗೆ ಇದು ಕಠಿಣವೆನಿಸಿತು. ಊರು ಬಿಟ್ಟ ಮಾತ್ರಕ್ಕೆ ಬಡತನವೂ ಅವಮಾನವೂ ಗಡಿಯಲ್ಲೇ ಉಳಿಯುತ್ತವೆಯೆ? ಕಾನೂನು ಹಾಗಿದೆ, ನಾವು ದಾರಿ ಹುಡುಕಬೇಕು. ದಾರಿ ಇದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನವನ್ನು, ವಿದ್ಯಾರ್ಥಿ ಎಲ್ಲೇ ಓದುತ್ತಿರಲಿ, ಆತ ಸೇರಿದ ರಾಜ್ಯವೇ ಕೊಡಬೇಕು. ಆದಾಯ ಮಿತಿ 2.5 ಲಕ್ಷ. ಅಂದರೆ ಆ ಹುಡುಗಿ ತಟ್ಟಬೇಕಾದ ಬಾಗಿಲು ಕರ್ನಾಟಕದ್ದು.

ಅವಳಿಗೆ ನಿಜವಾಗಿ ಆಸರೆಯಾದದ್ದು ಇನ್ನೊಂದು ಯೋಜನೆ. ಮಹಾರಾಷ್ಟ್ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಮಿಕರ ಇಬ್ಬರು ಮಕ್ಕಳಿಗೆ ಪದವಿ ಓದಲು ವರ್ಷಕ್ಕೆ 20,000, ಎಂಜಿನಿಯರಿಂಗ್‌ಗೆ 60,000, ವೈದ್ಯಕೀಯಕ್ಕೆ 1 ಲಕ್ಷ ರೂಪಾಯಿ ನೆರವಿದೆ. ಇದಕ್ಕೆ ಜಾತಿ ಬೇಕಿಲ್ಲ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪುರಾವೆ ಬೇಕು. ಅವಳ ತಂದೆ ಇಪ್ಪತ್ತು ವರ್ಷದಿಂದ ಈ ಶಹರದ ಗೋಡೆಗಳನ್ನು ಕಟ್ಟಿದ್ದಾರೆ, ಆದರೆ ನೋಂದಣಿ ಎಂಬುದೊಂದಿದೆ ಎಂದು ತಿಳಿದದ್ದು ಆಗಲೇ. ನೋಂದಣಿ ಮಾಡಿಸಿದರು. ಹುಡುಗಿ ಬಿ.ಕಾಂ. ಮುಗಿಸಿದಳು. ಈಗ ತಮ್ಮನ ಅರ್ಜಿಯನ್ನು ಅವಳೇ ತುಂಬುತ್ತಾಳೆ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಮುಂಬಯಿಯಲ್ಲಿ ಕನ್ನಡದವರು ಭಾಷಾ ಅಲ್ಪಸಂಖ್ಯಾತರು. ಕನ್ನಡ ಸಂಸ್ಥೆಗಳ ಕಾಲೇಜುಗಳಲ್ಲಿ ಆ ಕೋಟಾದಡಿ ಸೀಟು ಸಿಗಬಹುದು. ಅದನ್ನು ನಂಬಿ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರನ್ನು ನೋಡಿದ್ದೇನೆ. ರಾಜ್ಯದ ಆ ವಿದ್ಯಾರ್ಥಿವೇತನ ಧಾರ್ಮಿಕ ಅಲ್ಪಸಂಖ್ಯಾತರಿಗೆ. ನಮ್ಮ ಕನ್ನಡ ಜೈನರಿಗೆ, ಕ್ರೈಸ್ತರಿಗೆ, ಮುಸ್ಲಿಮರಿಗೆ ಅದು ಅನ್ವಯಿಸುತ್ತದೆ. ಭಾಷೆಯ ಹೆಸರಲ್ಲಿ ಅಲ್ಲ.

ಅಂಕ ಚೆನ್ನಾಗಿ ಬಂದವರು ಕೇಂದ್ರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ನೋಡಿ. ತಮ್ಮ ಬೋರ್ಡಿನ ಹನ್ನೆರಡನೆಯ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ಮನೆಯ ಆದಾಯ 4.5 ಲಕ್ಷ ಮೀರದವರಿಗೆ ಪದವಿಯ ವರ್ಷಗಳಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ಇದೆ. ಅರ್ಧದಷ್ಟು ಹುಡುಗಿಯರಿಗೇ ಮೀಸಲು. ಬೇರೊಂದು ವಿದ್ಯಾರ್ಥಿವೇತನ ಪಡೆಯುವವರಿಗೆ ಇದು ಸಿಗದು, ಆದ್ದರಿಂದ ಯಾವುದು ಲಾಭವೆಂದು ಲೆಕ್ಕ ಹಾಕಿ. ಮುಂದುವರಿಯಬೇಕಾದರೆ 75 ಶೇಕಡಾ ಹಾಜರಿ ಬೇಕು. ಕ್ಯಾಂಟೀನಿನಲ್ಲಿ ಕಳೆದ ಪಿರಿಯಡ್‌ಗಳಿಗೂ ಬೆಲೆ ಇದೆ ಎಂದಾಯಿತು!

ನಮ್ಮವರೇ ಕಟ್ಟಿದ ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ತಮ್ಮ ಸಮಾಜದ ಮಕ್ಕಳಿಗೆ ನೀಡುವ ವಿದ್ಯಾರ್ಥಿವೇತನದ ಬಗ್ಗೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಸಂಕೋಚದಿಂದ ಕೇಳದೆ ಇರಬೇಡಿ. ಪುಣೆಯ ಹುಡುಗಿಯರು ಲೀಲಾ ಪೂನಾವಾಲಾ ಫೌಂಡೇಶನ್ನನ್ನೂ ವಿಚಾರಿಸಬಹುದು.

ಯೋಜನೆ ಯಾವುದೇ ಇರಲಿ, ಸೋಲುವುದು ಕಾಗದಪತ್ರದಲ್ಲಿ. ಬಾಯಾರಿದಾಗ ಬಾವಿ ತೋಡಿದ ಹಾಗೆ ನಾವು ಕೊನೆಯ ವಾರ ತಹಸೀಲ್ದಾರ್ ಕಚೇರಿಗೆ ಓಡುತ್ತೇವೆ. ಅಲ್ಲಿ ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ. ಇನ್‌ಕಂ ಸರ್ಟಿಫಿಕೇಟನ್ನು ಏಪ್ರಿಲ್ ಕಳೆಯುತ್ತಲೇ ಮಾಡಿಸಿ. ಒಂದು ವರ್ಷದ್ದೂ ಇದೆ, ಮೂರು ವರ್ಷದ್ದೂ ಇದೆ. ತಂದೆ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿಯುವವರಾಗಿ ಸಂಬಳದ ಕಾಗದವೇ ಇಲ್ಲದಿದ್ದರೆ ತಲಾಠಿಯ ವಿಚಾರಣೆಯ ಮೇಲೆ ಕೊಡುತ್ತಾರೆ. ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಆಮೇಲೆ ಬ್ಯಾಂಕಿನ ವಿಷಯ. ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರುತ್ತದೆಂದುಕೊಳ್ಳಬೇಡಿ. ಆಧಾರ್ ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ನಮ್ಮ ಮಗಳ ಎರಡನೆಯ ವರ್ಷದ ಹಣ ಬರಲಿಲ್ಲವೆಂದು ಮೂರು ತಿಂಗಳು ಅಲೆದೆವು. ಕೊನೆಗೆ ನೋಡಿದರೆ, ಹಿಂದೆಂದೋ ತೆರೆದು ಮರೆತ ಒಂದು ಖಾತೆಯಲ್ಲಿ ಅದು ತಣ್ಣಗೆ ಕುಳಿತಿತ್ತು.

ಕೊನೆಗೆ, ಅಜ್ಜ ಈ ಶಹರಕ್ಕೆ ಬಂದ ಮನೆಗಳವರಿಗೆ ಒಂದು ಮಾತು. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರಕ್ಕೆ ಕುಟುಂಬ ಇಲ್ಲಿ ನೆಲೆಸಿದ ತಾರೀಖು ಮುಖ್ಯ. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ವಿಮುಕ್ತ, ಅಲೆಮಾರಿ ವರ್ಗಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಅದಕ್ಕೂ ಮೊದಲಿನಿಂದ ಇಲ್ಲಿದ್ದ ದಾಖಲೆಯಿದ್ದು, ಜಾತಿಯ ಹೆಸರು ಇಲ್ಲಿಯ ಪಟ್ಟಿಯಲ್ಲೂ ಇದ್ದರೆ ನೀವು ವಲಸೆಗಾರರ ಲೆಕ್ಕದಲ್ಲಿ ಬರುವುದಿಲ್ಲ. ನಮ್ಮ ಪರಿಚಯದ ಒಂದು ಮನೆಯಲ್ಲಿ ರೇಷನ್ ಕಾರ್ಡು, ಬಾಡಿಗೆ ರಸೀದಿ ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಅಜ್ಜನ ರಾತ್ರಿ ಶಾಲೆಯ ಲೀವಿಂಗ್ ಸರ್ಟಿಫಿಕೇಟ್. ಹಗಲೆಲ್ಲ ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಕಲಿತವರು ಅವರು. ಏಳನೆಯ ತರಗತಿಗೆ ಬಿಟ್ಟರು. 1958ರ ಆ ಕಾಗದದಲ್ಲಿ ಹೆಸರು, ಜಾತಿ, ಶಾಲೆಯ ಮೊಹರು ಎಲ್ಲ ಇತ್ತು. ಅದರ ಮೇಲೆ ಮೊಮ್ಮಗನಿಗೆ ಪ್ರಮಾಣಪತ್ರವೂ ಆಮೇಲೆ ಅದರ ವ್ಯಾಲಿಡಿಟಿಯೂ ಸಿಕ್ಕಿತು. ಅದು ಇದ್ದದ್ದು ಊರಿನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ಕೆಳಗೆ. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ಕೆಳಗಿಳಿಸಿ ನೋಡಿ. ಗೆದ್ದಲು ಹಿಡಿಯುವ ಮೊದಲು.