ಅತ್ತೆಯ ತೋಟದ ಬೋರ್ಡು

ಗಂಡ ಸ್ನಾನಕ್ಕೆ ಹೋದಾಗ ಅವರ ಫೋನ್ ನೋಡುವ ಅಭ್ಯಾಸ ನನಗಿತ್ತು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಇದನ್ನು ಓದ್ತಿರೋ ನಿಮ್ಮಲ್ಲೂ ಒಂದಿಬ್ಬರಿಗೆ ಈ ಅಭ್ಯಾಸ ಇರಬಹುದು ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ. ಪಾಸ್‌ಕೋಡ್ ಅವರೇ ಕೊಟ್ಟಿದ್ದು, ಮದುವೆಯಾದ ಮೊದಲ ವಾರದಲ್ಲೇ. ಕದ್ದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಕದ್ದೇ ನೋಡ್ತಿದ್ದೆ.

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ಹಾಗೆ ನೋಡುವಾಗ, ಯುಪಿಐನಲ್ಲಿ 40 ಸಾವಿರ ರೂಪಾಯಿ ಹೋಗಿದ್ದು ಕಾಣಿಸ್ತು. ಯಾವುದೋ ಅಂಗಡಿಯ ಹೆಸರು. ಮನೆ ಖರ್ಚಿನ ಶೀಟ್‌ನಲ್ಲಿ (ಹೌದು, ನಮ್ಮನೇಲಿ ಶೀಟ್ ಇದೆ) ಅದರ ಸುಳಿವೇ ಇಲ್ಲ. ಕೇಳಲಿಲ್ಲ. ಕೇಳಿದರೆ ಫೋನ್ ನೋಡಿದ್ದು ಗೊತ್ತಾಗುತ್ತಲ್ಲ! ನಾಲ್ಕು ದಿನ ಸುಮ್ಮನೆ ಮುಖ ಊದಿಸಿಕೊಂಡು ಓಡಾಡಿದೆ.

ನಾನು ಮೊದಲಿಂದ ಹೀಗಿರಲಿಲ್ಲ. ಪಿ.ಜಿ.ಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಅಪ್ಪನ ಆಪರೇಷನ್ ಇದೆ, ಯಾರಿಗೂ ಹೇಳಬೇಡ ಅಂತ 1.8 ಲಕ್ಷ ಕೈಸಾಲ ಕೇಳಿದಳು. ಕೊಟ್ಟೆ. ಮೂರು ತಿಂಗಳು ಮೆಸೇಜಿಗೆ ಉತ್ತರ ಬಂತು, ಆಮೇಲೆ ಆ ನಂಬರೇ ಇಲ್ಲ. ಆಪರೇಷನ್ ಅನ್ನೋದೇ ಸುಳ್ಳು ಅಂತ ಬೇರೆಯವರಿಂದ ತಿಳೀತು. ದುಡ್ಡು ಹೋಗಿದ್ದಕ್ಕಿಂತ ಚುಚ್ಚಿದ್ದು ಇನ್ನೊಂದು. ಅವಳ ಅಪ್ಪ ಹುಷಾರಾಗಲಿ ಅಂತ 11 ಗುರುವಾರ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕಿದ್ದೆ. ಆಮೇಲೆ ಮಠದ ಕಡೆಗೂ ತಲೆ ಹಾಕಲಿಲ್ಲ.

ನನ್ನ ಕೆಲಸವೂ ಈ ಸ್ವಭಾವಕ್ಕೆ ಗೊಬ್ಬರ ಹಾಕ್ತು. ನಾನಿರೋದು ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿ. 2010ರಲ್ಲಿ ಜಾನ್ ಕಿಂಡರ್‌ವಾಗ್ ಎನ್ನುವವರು ‘ಝೀರೋ ಟ್ರಸ್ಟ್’ ಅನ್ನೋ ಮಾದರಿ ಮುಂದಿಟ್ಟರು. ಆಫೀಸಿನ ನೆಟ್‌ವರ್ಕ್ ಒಳಗಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ನಂಬಬೇಡಿ, ಪ್ರತಿ ಸಲವೂ ಪರೀಕ್ಷಿಸಿ ಅನ್ನೋದು ಅದರ ತಿರುಳು. ಸರ್ವರ್‌ಗಳಿಗೆ ಒಳ್ಳೇದೇ. ನಾನು ಅದನ್ನ ಮನೆಗೂ ತಂದುಬಿಟ್ಟೆ.

ಮುಖ ಊದಿದ ಅದೇ ವಾರದ ಕೊನೆಗೆ ಅತ್ತೆ ಮನೆಗೆ ಹೋಗೋದಿತ್ತು. ಸಾಗರ ತಾಲ್ಲೂಕು, ಅಡಿಕೆ ಕೊಯ್ಲಿನ ಕಾಲ. ತೋಟದ ಬೇಲಿ ಹತ್ತಿರ ಒಂದು ತಗಡಿನ ಬೋರ್ಡಿದೆ: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಶಿವಮೊಗ್ಗ ಜಿಲ್ಲೆಯ ಕಡೆ ಓಡಾಡಿದವರು ಇಂಥ ಬೋರ್ಡುಗಳನ್ನ ತೋಟ, ಗದ್ದೆಗಳಲ್ಲಿ ನೋಡೇ ಇರ್ತಾರೆ. ತುಮಕೂರಿನವಳಾದ ನನಗೆ ಮದುವೆಯಾದ ಹೊಸತರಲ್ಲಿ ನಗು ಬಂದಿತ್ತು. ‘ಸಿಸಿಟಿವಿ ಕಣ್ಗಾವಲಿದೆ’ ಅಂತ ಹಾಕ್ತೀವಲ್ಲ, ಇದು ಆ ಬೋರ್ಡಿನ ಅಕ್ಕ ಅನ್ನಿಸಿತ್ತು.

ರಾತ್ರಿ ಅಕ್ಕಪಕ್ಕದ ಮನೆಯವರೆಲ್ಲ ಅಂಗಳದಲ್ಲಿ ಕೂತು ಅಡಿಕೆ ಸುಲಿದರು. ಮೆಟ್ಟುಗತ್ತಿ ಮುಂದೆ ಕೂರೋ ಧೈರ್ಯ ನನಗಿನ್ನೂ ಬಂದಿಲ್ಲ. ಸುಲಿದಿದ್ದನ್ನ ಬುಟ್ಟಿಗೆ ತುಂಬುವುದಷ್ಟೇ ನನ್ನ ಪಾಲಿನ ಕೆಲಸ. ಎಲ್ಲರೂ ಹೋದ ಮೇಲೆ ಕೇಳಿದೆ, “ಅತ್ತೆ, ಇಷ್ಟು ಅಡಿಕೆ ಹೊರಗೇ ಬಿದ್ದಿರುತ್ತಲ್ಲ, ಒಂದು ಕ್ಯಾಮೆರಾ ಹಾಕಿಸೋಣ್ವಾ?”

“ಹಾಕ್ಸು. ಕರೆಂಟಿದ್ದಾಗ ಓಡ್ತದೆ.”

ಆಮೇಲೆ ಅವರೇ ಹೇಳಿದರು. ಐದಾರು ವರ್ಷದ ಹಿಂದೆ ಒಣಗಿದ ಅಡಿಕೆ ಎರಡು ಚೀಲ ಕಳುವಾಗಿತ್ತಂತೆ.

“ಆಗ ಬೋರ್ಡ್ ಇತ್ತಾ?”

“ಇತ್ತು.”

“ಮತ್ತೆ ದೇವಿ ಏನು ಮಾಡಿದ್ಲು?”

“ಏನೋ ಮಾಡಿರ್ತಾಳೆ, ನಂಗೇನು ಗೊತ್ತು. ಯಾರ ಮೇಲೆ ಅನುಮಾನ ಅಂತ ಪೊಲೀಸರು ಕೇಳಿದ್ರು. ಅವತ್ತು ಸುಲಿಯೋಕೆ ಬಂದವರು ಎಂಟು ಜನ. ಎಂಟೂ ಹೆಸರು ಬಾಯಿಗೆ ಬಂದಿತ್ತು ಮಾರಾಯ್ತಿ. ಹೇಳಿದ್ರೆ ಎಂಟು ಮನೆ ಕಳ್ಕೊಳ್ತಿದ್ದೆ. ಹೇಳ್ಲಿಲ್ಲ. ಸಿಗಂದೂರಿಗೆ ಹೋಗಿ, ಇದು ನಿನ್ನ ಲೆಕ್ಕಕ್ಕೆ ಅಂತ ಹೇಳಿ ಬಂದೆ. ಮರುವರ್ಷನೂ ಅವರನ್ನೇ ಕರೆದೆ.”

“ಅವರಲ್ಲೇ ಯಾರಾದ್ರೂ ತೆಗೆದಿದ್ರೆ?”

“ತೆಗೆದಿರ್ಲೂಬಹುದು” ಅಂದು, ಅಡಿಕೆ ಬೇಯ್ತಿದ್ದ ಹಂಡೆಯ ಕೆಳಗೆ ಕಟ್ಟಿಗೆ ದೂಡೋಕೆ ಎದ್ದರು.

ನನಗೆ ನಿದ್ದೆ ಬರಲಿಲ್ಲ. ಬೋರ್ಡಿರೋದು ಕಳ್ಳನನ್ನ ಹೆದರಿಸೋಕೆ ಅಂದುಕೊಂಡಿದ್ದೆ. ಅತ್ತೆ ಅದನ್ನ ತಮ್ಮ ಅನುಮಾನ ಇಳಿಸೋಕೆ ಇಟ್ಟುಕೊಂಡಿದ್ದರು. ಎಂಟು ಜನರ ಮುಖ ದಿನಾ ನೋಡಬೇಕಲ್ಲ!

ಮರುದಿನ ಸಿಗಂದೂರಿಗೆ ಹೋದ್ವಿ. ಶರಾವತಿ ಹಿನ್ನೀರನ್ನ ಲಾಂಚ್‌ನಲ್ಲಿ ದಾಟುತ್ತಿದ್ದ ಕಾಲ ಮುಗಿದಿದೆ. 2025ರ ಜುಲೈನಿಂದ 2.44 ಕಿ.ಮೀ. ಉದ್ದದ ಸೇತುವೆ. ಲಾಂಚ್ ಇದ್ದಾಗ್ಲೇ ಚೆನ್ನಾಗಿತ್ತು ಅಂತ ಅತ್ತೆ ಸೇತುವೆ ಮುಗಿಯೋವರೆಗೂ ಹೇಳ್ತಾ ಬಂದರು. ದರ್ಶನದ ಸಾಲಿನಲ್ಲಿ ನಿಂತಾಗ ನನಗೆ, ನಂಬಿದರೆ ನಂಬಿ, ಡಿಜಿಟಲ್ ಸರ್ಟಿಫಿಕೇಟ್ ನೆನಪಾಯ್ತು.

ಫೋನಿನಲ್ಲಿ ಬ್ಯಾಂಕಿನ ವೆಬ್‌ಸೈಟ್ ತೆರೆದರೆ, ಅದು ಬ್ಯಾಂಕಿನದ್ದೇ ಅನ್ನೋದಕ್ಕೆ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದಕ್ಕೆ ಸಹಿ ಹಾಕಿರೋದು ಇನ್ನೊಂದು ಸರ್ಟಿಫಿಕೇಟ್. ಹೀಗೆ ಹಿಂದೆ ಹೋಗ್ತಾ ಕೊನೆಗೆ ‘ರೂಟ್’ ಸಿಗುತ್ತೆ. ಅದಕ್ಕೆ ಸಹಿ ಹಾಕಿಕೊಂಡಿರೋದು ಅದೇ! ಅದರಾಚೆ ಸಾಕ್ಷಿ ಇಲ್ಲ. ಇವರನ್ನ ನಂಬೋಣ ಅಂತ ನಿರ್ಧರಿಸಿ ಒಂದು ಪಟ್ಟಿ ಮಾಡಿ ಫೋನಿನಲ್ಲಿ ಮೊದಲೇ ಇಟ್ಟಿರ್ತಾರೆ, ಅಷ್ಟೇ. ಝೀರೋ ಟ್ರಸ್ಟ್ ವ್ಯವಸ್ಥೆಯೂ ಕೊನೆಗೆ ಇಂಥ ಒಂದು ಪಟ್ಟಿಯ ಮೇಲೇ ನಿಲ್ಲಬೇಕು. ಆ ಪಟ್ಟಿ ಕೈಕೊಟ್ಟಿದ್ದೂ ಇದೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಸಂಸ್ಥೆಗೆ ಹ್ಯಾಕರ್‌ಗಳು ನುಗ್ಗಿ ಸುಳ್ಳು ಸರ್ಟಿಫಿಕೇಟ್ ಮಾಡಿಕೊಂಡರು. ಬ್ರೌಸರ್‌ಗಳು ಆ ಸಂಸ್ಥೆಯನ್ನ ಪಟ್ಟಿಯಿಂದ ಕಿತ್ತುಹಾಕಿದವು. ಪಟ್ಟಿಯನ್ನೇ ಕಿತ್ತುಹಾಕಲಿಲ್ಲ. ನಾನು ಮಾತ್ರ ಒಬ್ಬ ರೂಮ್‌ಮೇಟ್ ಮೋಸ ಮಾಡಿದ್ದಕ್ಕೆ ಎಲ್ಲರನ್ನೂ, ರಾಯರನ್ನೂ ಸೇರಿಸಿ, ಕಿತ್ತುಹಾಕಿದ್ದೆ.

ಪದೇ ಪದೇ ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನ, ಕೈ ಎತ್ತುವವರನ್ನ ನಂಬಿಕೊಂಡು ಕೂತಿರಿ ಅಂತ ನಾನು ಹೇಳ್ತಿಲ್ಲ. ಅಂಥವರು ಪಟ್ಟಿಯಿಂದ ಹೋಗಲೇಬೇಕು. ಆದರೆ ನನ್ನ ಗಂಡ ಅಂಥದ್ದೇನೂ ಮಾಡಿರಲಿಲ್ಲ. ಯಾರೋ ಮಾಡಿದ ಸಾಲಕ್ಕೆ ಇವರು ಬಡ್ಡಿ ಕಟ್ತಿದ್ದರು.

ಬೆಂಗಳೂರಿಗೆ ವಾಪಸ್ ಬರುವಾಗ ಕಡೂರಿನ ಹತ್ತಿರ ಕಾಫಿಗೆ ನಿಲ್ಲಿಸಿದ್ವಿ. ಅಲ್ಲಿ ಹೇಳಿಬಿಟ್ಟೆ. “ರೀ, ನಾನು ನಿಮ್ಮ ಫೋನ್ ನೋಡ್ತೀನಿ. ಒಂದ್ಸಲ ಅಲ್ಲ, ಮದುವೆಯಾದಾಗಿಂದ. 40 ಸಾವಿರದ್ದೂ ನೋಡಿದೆ.”

ತುಂಬ ಹೊತ್ತು ಸುಮ್ಮನಿದ್ದರು. ಬೈದಿದ್ದರೇ ಚೆನ್ನಾಗಿತ್ತು. ಕೊನೆಗೆ, “ಕೇಳಬಹುದಿತ್ತಲ್ಲ” ಅಂದರು. “ಒಬ್ಬ ಫ್ರೆಂಡ್‌ಗೆ ಕೊಟ್ಟಿದ್ದು. ಯಾರಿಗೂ ಹೇಳ್ಬೇಡ ಅಂದಿದಾನೆ, ನಿಂಗೂ. ಮಾತು ಕೊಟ್ಟಿದೀನಿ. ಆದ್ರೆ ನಿಂಗೆ ತಿಳೀಲೇಬೇಕು ಅಂದ್ರೆ ಹೇಳ್ತೀನಿ. ನೀನೇ ಹೇಳು.”

ಯಾರಿಗೂ ಹೇಳಬೇಡ. ರೂಮ್‌ಮೇಟ್ ಹೇಳಿದ್ದೂ ಇದೇ ಮಾತು. ಹೊಟ್ಟೆಯಲ್ಲಿ ಅದೇ ಹಳೇ ಸಂಕಟ ಎದ್ದಿತು. ಕಾಫಿ ಆರಿಹೋಯ್ತು.

“ಬೇಡ” ಅಂದೆ.

ಆ ದುಡ್ಡು ಯಾರಿಗೆ ಹೋಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಶೀಟ್‌ನಲ್ಲಿ ‘ಕೈಸಾಲ, ಫ್ರೆಂಡ್’ ಅಂತ ಒಂದು ಸಾಲು ಸೇರಿಸಿದಾರೆ. ಇಲ್ಲಿವರೆಗೆ ವಾಪಸ್ ಬಂದಿರೋದು 10 ಸಾವಿರ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನನ್ನ ಕೈ ಇನ್ನೂ ಫೋನ್ ಕಡೆ ಹೋಗುತ್ತೆ. ಎದ್ದು ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಇಡ್ತೀನಿ. ಹೋದ ಗುರುವಾರ ಆಫೀಸಿಂದ ಬರುವಾಗ ರಾಯರ ಮಠದ ಹತ್ತಿರ ಇಳಿದೆ. ಪ್ರದಕ್ಷಿಣೆ ಎಷ್ಟು ಹಾಕಿದೆ ಅಂತ ಈ ಸಲ ಎಣಿಸಲಿಲ್ಲ.