ಪಂಪಿಲ್ಲದೆ ಹಡಗು ಮೇಲೇರುವ ಊರು

ಸುಪೀರಿಯರ್ ಸರೋವರದ ನೀರಿನ ಮಟ್ಟ ಹ್ಯೂರನ್ ಸರೋವರಕ್ಕಿಂತ ಸುಮಾರು 21 ಅಡಿ ಎತ್ತರದಲ್ಲಿದೆ. ಎರಡಕ್ಕೂ ಕೊಂಡಿಯಾಗಿರುವುದು ಸೇಂಟ್ ಮೇರೀಸ್ ನದಿ. ಈ ಇಳಿತದ ಬಹುಪಾಲನ್ನು ಅದು ಒಂದೇ ಜಾಗದಲ್ಲಿ, ಕಿಲೋಮೀಟರಿನಷ್ಟು ಉದ್ದದ ಬಂಡೆಗಳ ಮೇಲೆ ಧುಮುಕಿ ಮುಗಿಸುತ್ತದೆ. ಅಲ್ಲಿ ಹುಟ್ಟಿದ ಊರೇ ಸೂ ಸೇಂಟ್ ಮರೀ. ಫ್ರೆಂಚ್ ಪಾದ್ರಿ ಜಾಕ್ ಮಾರ್ಕೆಟ್ 1668ರಲ್ಲಿ ಇಲ್ಲಿ ಮಿಷನ್ ಕಟ್ಟಿದ. ಅದಕ್ಕೂ ಎಷ್ಟೋ ಹಿಂದಿನಿಂದ ಒಜಿಬ್ವೆ ಜನ ಈ ರಭಸದ ನೀರಿನಲ್ಲಿ ದೋಣಿ ನಿಲ್ಲಿಸಿ, ಉದ್ದ ಕೋಲಿನ ಬಲೆಯಿಂದ ವೈಟ್‌ಫಿಶ್ ಹಿಡಿಯುತ್ತಿದ್ದರು. ಈಗ ನದಿಯ ಈಚೆ ದಡದ ಊರು ಅಮೆರಿಕದ ಮಿಷಿಗನ್ ರಾಜ್ಯಕ್ಕೆ, ಅದೇ ಹೆಸರಿನ ಆಚೆ ದಡದ ಊರು ಕೆನಡಾಕ್ಕೆ ಸೇರಿದೆ.

ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಬೇಸಿಗೆ ರಜೆಯಲ್ಲಿ ಮ್ಯಾಕಿನಾ ಸೇತುವೆಯವರೆಗೆ ಹೋಗುವುದುಂಟು. ಸೇತುವೆ ದಾಟಿ ಅದೇ ಹೆದ್ದಾರಿಯಲ್ಲಿ ಇನ್ನೊಂದು ಗಂಟೆ ಮುಂದಕ್ಕೆ ಹೋದರೆ ಸೂ ಸಿಗುತ್ತದೆ. ಮಕ್ಕಳಿಗೆ ಭೌತಶಾಸ್ತ್ರವನ್ನು ಕಣ್ಣೆದುರೇ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಹಡಗುಗಳು ಈ ಇಳಿತವನ್ನು ಹತ್ತಿ ಇಳಿಯುವುದು ಲಾಕುಗಳ ಮೂಲಕ, ಅಂದರೆ ಎರಡೂ ತುದಿಗೆ ಕದಗಳಿರುವ ನೀರಿನ ಕೋಣೆಗಳ ಮೂಲಕ. ಅವನ್ನು ತೋರಿಸುವ ಪ್ರವಾಸಿ ದೋಣಿ ಹೊರಡುವುದು ಲಾಕುಗಳ ಕೆಳಗಿನ ದಡದಿಂದ, ಅಂದರೆ ಹ್ಯೂರನ್ ಮಟ್ಟದ ನೀರಿನಿಂದ. ಸುಪೀರಿಯರ್ ಮಟ್ಟಕ್ಕೆ ಏರಲು ಅದು ಸಾಮಾನ್ಯವಾಗಿ ಮೆಕಾರ್ಥರ್ ಲಾಕನ್ನು ಹೊಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಅದಿರಿನ ಸಾಗಣೆ ನಿಲ್ಲಬಾರದೆಂದು ತುರ್ತಾಗಿ ಕಟ್ಟಿ 1943ರಲ್ಲಿ ತೆರೆದ ಲಾಕಿದು. 800 ಅಡಿ ಉದ್ದ, 80 ಅಡಿ ಅಗಲದ ಕಾಂಕ್ರೀಟ್ ಕೋಣೆ. ಒಳಗೆ ಹೋದಾಗ ಎರಡೂ ಬದಿಯ ಗೋಡೆ ನಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ಇಷ್ಟು ಹೊತ್ತು ನೀರಿನಲ್ಲಿ ಮುಳುಗಿದ್ದ ಭಾಗ ಒದ್ದೆಯಾಗಿ, ಪಾಚಿಗಟ್ಟಿ ಮಿರುಗುತ್ತಿರುತ್ತದೆ. ಎಲ್ಲಿಯವರೆಗೆ ಏರಬೇಕೆಂಬುದನ್ನು ಆ ಒದ್ದೆಯ ಗೆರೆಯೇ ಹೇಳುತ್ತದೆ. ದೋಣಿಯ ಅಂಚಿನಲ್ಲಿ ನಿಂತು ಆ ಗೆರೆಯ ಮೇಲೆ ಕಣ್ಣಿಡಿ.

ಹಿಂದಿನ ಉಕ್ಕಿನ ಕದಗಳು ಮುಚ್ಚಿಕೊಳ್ಳುತ್ತವೆ. ಅವು ನೇರ ರೇಖೆಯಲ್ಲಿ ಕೂಡುವುದಿಲ್ಲ. ಮೇಲ್ನೀರಿನ ಕಡೆಗೆ ಮೂತಿ ಮಾಡಿಕೊಂಡು ಕೋನವಾಗಿ ಕೂಡುತ್ತವೆ. ಒಳಗೆ ನೀರೇರಿದಷ್ಟೂ ಒತ್ತಡ ಎರಡು ಕದಗಳನ್ನೂ ಒಂದಕ್ಕೊಂದು ಬಿಗಿಯಾಗಿ ಅದುಮುತ್ತದೆ. ಚಿಲಕ ಬೇಕಿಲ್ಲ, ನೀರೇ ಚಿಲಕ. ಇಟಲಿಯ ಮಿಲಾನ್ ನಗರದ ಕಾಲುವೆಗಳಿಗೆ ಲಿಯೊನಾರ್ಡೊ ಡಾ ವಿಂಚಿ ಚಿತ್ರಿಸಿದ ಕದಗಳೂ ಇದೇ ಬಗೆಯವು. ಐದು ಶತಮಾನ ಕಳೆದರೂ ಇದನ್ನು ಮೀರಿಸುವ ಉಪಾಯಕ್ಕೆ ಇಲ್ಲಿ ಅಗತ್ಯ ಬಿದ್ದಿಲ್ಲ.

ಮುಂದಿನದು ನಮ್ಮ ಕೆರೆಯ ತೂಬು ಎತ್ತಿದಂತೆ. ಮೇಲಿನ ಕವಾಟ ತೆರೆದರೆ ಸುಪೀರಿಯರ್ ನೀರು ಲಾಕಿನ ತಳದ ಸುರಂಗಗಳಲ್ಲಿ ಹರಿದು, ನೆಲದ ಕಂಡಿಗಳಿಂದ ಕೋಣೆಯೊಳಗೆ ಉಕ್ಕುತ್ತದೆ. ಎಲ್ಲಿಯೂ ಪಂಪಿಲ್ಲ. ಕದಗಳನ್ನೂ ಕವಾಟಗಳನ್ನೂ ಆಡಿಸಲು ಯಂತ್ರಗಳಿವೆ, ಆದರೆ ಹಡಗನ್ನು ಎತ್ತುವ ಕೆಲಸ ಪೂರ್ತಿ ಗುರುತ್ವದ್ದು. ನೀರು ಸುಳಿಸುಳಿಯಾಗಿ ಮೇಲೇಳುತ್ತದೆ, ಸಿಬ್ಬಂದಿ ಹಗ್ಗ ಸಡಿಲಾಗದಂತೆ ಎಳೆದುಕೊಳ್ಳುತ್ತ ಹೋಗುತ್ತಾರೆ, ಒದ್ದೆ ಗೋಡೆ ಇಷ್ಟಿಷ್ಟೇ ಕರಗುತ್ತದೆ. ಕಾಲು ಗಂಟೆಯ ಆಸುಪಾಸಿನಲ್ಲಿ ನಾವು ದಡದ ವೀಕ್ಷಣಾ ಕಟ್ಟೆಯ ಜನರಿಗೆ ಕೈಬೀಸುವ ಎತ್ತರಕ್ಕೆ ಬಂದಿರುತ್ತೇವೆ. ಒಳಗಿನ ನೀರೂ ಹೊರಗಿನ ನೀರೂ ಸಮ ಆದಮೇಲಷ್ಟೇ ಮುಂದಿನ ಕದ ತೆರೆಯುತ್ತದೆ. ಅದಕ್ಕೆ ಮೊದಲು ತೆರೆಯಲು ನೀರಿನ ಒತ್ತಡವೇ ಬಿಡದು.

ಒಂದು ವಿಷಯ ಬಹಳ ಜನರಿಗೆ ನಂಬಲು ಕಷ್ಟ. ಹಡಗು ಭಾರವಾದಷ್ಟೂ ಹೆಚ್ಚು ನೀರು ಬೇಕು ಅಂದುಕೊಳ್ಳುತ್ತೇವೆ. ಹಾಗಲ್ಲ. ತೇಲುವ ಹಡಗು ತನ್ನ ತೂಕದಷ್ಟು ನೀರನ್ನು ಒಳಬರುವಾಗಲೇ ಪಕ್ಕಕ್ಕೆ ಸರಿಸಿರುತ್ತದೆ. ಆಮೇಲೆ ತುಂಬಬೇಕಾದದ್ದು ಲಾಕಿನ ಉದ್ದ, ಅಗಲ ಮತ್ತು 21 ಅಡಿಯ ಲೆಕ್ಕದ ನೀರು ಮಾತ್ರ. ಸಾವಿರಾರು ಟನ್ ಅದಿರಿರಲಿ, ಒಬ್ಬನೇ ಕೂತ ಪುಟ್ಟ ದೋಣಿಯಿರಲಿ, ಖರ್ಚು ಒಂದೇ. ಪಕ್ಕದ ಪೋ ಲಾಕಿಗೆ ಒಂದು ಸಲಕ್ಕೆ ಸುಮಾರು 8 ಕೋಟಿ ಲೀಟರ್ ಬೇಕಾಗುತ್ತದೆ.

ಆ ಪೋ ಲಾಕಿನಲ್ಲಿ ದೊಡ್ಡ ಹಡಗೊಂದು ನುಸುಳುವುದನ್ನು ನೋಡಲು ಸಿಕ್ಕರೆ ಪ್ರವಾಸ ಸಾರ್ಥಕ. 1968ರಲ್ಲಿ ಮರುನಿರ್ಮಾಣಗೊಂಡ ಈ ಲಾಕು 1200 ಅಡಿ ಉದ್ದ, 110 ಅಡಿ ಅಗಲ. ಮಹಾಸರೋವರಗಳಲ್ಲಿ ಓಡಾಡುವ ಸಾವಿರ ಅಡಿಯ ಹಡಗುಗಳ ಅಗಲ 105 ಅಡಿ. ಅಂದರೆ ಒಂದೊಂದು ಬದಿಗೆ ಉಳಿಯುವುದು ಎರಡೂವರೆ ಅಡಿ. ಸುಮಾರು ಮೂರು ಫುಟ್‌ಬಾಲ್ ಮೈದಾನದಷ್ಟು ಉದ್ದದ ಉಕ್ಕಿನ ಒಡಲನ್ನು ನಡಿಗೆಗಿಂತ ನಿಧಾನವಾಗಿ ಒಳಗೆ ತರುವ ಕ್ಯಾಪ್ಟನ್‌ಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ. ಮಿನೆಸೋಟದ ಕಬ್ಬಿಣದ ಅದಿರು ಕೆಳಗಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗುವುದು ಈ ಹಡಗುಗಳಲ್ಲಿ. ಇಷ್ಟು ದೊಡ್ಡವಕ್ಕೆ ಪೋ ಬಿಟ್ಟರೆ ಬೇರೆ ದಾರಿಯಿಲ್ಲದ ಕಾರಣ, ಅದೇ ಅಳತೆಯ ಇನ್ನೊಂದು ಲಾಕಿನ ಕೆಲಸ ಪಕ್ಕದಲ್ಲೇ ನಡೆದಿದೆ.

ಮೇಲಿನ ನೀರಿಗೆ ಬಂದ ದೋಣಿ 1962ರ ಅಂತರರಾಷ್ಟ್ರೀಯ ಸೇತುವೆಯ ಕೆಳಗೆ ಹಾದು, ಕೆನಡಾ ದಡದ ಉಕ್ಕಿನ ಕಾರ್ಖಾನೆಯ ಹತ್ತಿರ ಸುತ್ತುಹಾಕುತ್ತದೆ. ಕೆನಡಾದ ಲಾಕು ತೆರೆದಿರುವ ದಿನಗಳಲ್ಲಿ ಹಿಂದಿರುಗುವುದು ಆ ಮಾರ್ಗವಾಗಿ. 1895ರಲ್ಲಿ ತೆರೆದಾಗ ಅದು ಜಗತ್ತಿನ ಅತಿ ಉದ್ದದ ಲಾಕು, ವಿದ್ಯುತ್ತಿನಿಂದ ನಡೆದ ಮೊದಲನೆಯದೂ ಹೌದು. ಅಲ್ಲಿ 1909ರ ಜೂನ್‌ನಲ್ಲಿ ‘ಪೆರ್ರಿ ಜಿ. ವಾಕರ್’ ಎಂಬ ಹಡಗು ಕೆಳಗಿನ ಗೇಟಿಗೆ ಗುದ್ದಿತು. ಗೇಟು ಕಿತ್ತುಹೋಗಿ, ಲಾಕಿನೊಳಗಿದ್ದ ಹಡಗುಗಳು ಪ್ರವಾಹದ ಜೊತೆ ಹೊರಕ್ಕೆ ಕೊಚ್ಚಿಹೋದವು. ಯಾರೂ ಸಾಯಲಿಲ್ಲ. ಇಂಥ ಆಪತ್ತಿಗೆಂದೇ ಇಟ್ಟಿದ್ದ, ತಿರುಗುವ ಸೇತುವೆಯಂಥ ಅಡ್ಡಗಟ್ಟೆಯನ್ನು ಇಳಿಸಿ ನೀರನ್ನು ತಡೆದರು. ಆ ಅಡ್ಡಗಟ್ಟೆ ಇಂದಿಗೂ ಅಲ್ಲೇ ನಿಂತಿದೆ. ಗೋಡೆ ಬಿರುಕುಬಿಟ್ಟು 1987ರಲ್ಲಿ ಮುಚ್ಚಿದ್ದ ಲಾಕು, ಹಳೆಯ ಕೋಣೆಯೊಳಗೇ ಕಟ್ಟಿದ ಚಿಕ್ಕ ಲಾಕಾಗಿ 1998ರಲ್ಲಿ ಮತ್ತೆ ತೆರೆಯಿತು.

ಮಿಷಿಗನ್ ಕಡೆಯ ಮೊದಲ ಲಾಕು 1855ರದು. ಅದಕ್ಕಾಗಿ ಒಜಿಬ್ವೆ ಜನರ ಊರನ್ನೂ ಸಮಾಧಿ ನೆಲವನ್ನೂ ಅಗೆದರು. ಇಲ್ಲಿ ಎಂದೆಂದಿಗೂ ಮೀನು ಹಿಡಿಯುವ ಹಕ್ಕು 1820ರ ಒಪ್ಪಂದದಲ್ಲಿ ಅವರಿಗಿತ್ತು. ಇಂದು ನದಿಯ ಬಹುಪಾಲು ನೀರು ವಿದ್ಯುದಾಗಾರಗಳಿಗೆ ತಿರುಗಿ, ಬಂಡೆಗಳ ಮೇಲೆ ಹರಿಯುವುದು ಅಲ್ಪ. ಲಾಕುಗಳ ಸಾಧನೆ ಹೇಳುವಾಗ ಈ ಲೆಕ್ಕವನ್ನೂ ಹೇಳಬೇಕು.

ಹೊರಡುವವರಿಗೆ ನಾಲ್ಕು ಮಾತು. ದೋಣಿಗಳು ಓಡುವುದು ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ. ಸುತ್ತಾಟಕ್ಕೆ ಸುಮಾರು ಎರಡು ಗಂಟೆ. ಜನವರಿ 15ರಿಂದ ಮಾರ್ಚ್ 25ರವರೆಗೆ ಲಾಕುಗಳೇ ದುರಸ್ತಿಗೆಂದು ಮುಚ್ಚಿರುತ್ತವೆ. ಜುಲೈನಲ್ಲೂ ನೀರಿನ ಮೇಲೆ ಚಳಿಗಾಳಿ ಬೀಸುತ್ತದೆ, ಸ್ವೆಟರ್ ಮರೆಯಬೇಡಿ. ದೋಣಿ ಕೆನಡಾದ ನೀರಿಗೂ ಹೋಗುವುದರಿಂದ, ವೀಸಾದ ಮೇಲಿರುವವರು ಟಿಕೆಟ್ ಕೊಳ್ಳುವಾಗ ದಾಖಲೆಗಳ ಬಗ್ಗೆ ಕೇಳಿಕೊಳ್ಳಿ. ದೋಣಿ ಹತ್ತುವ ಮೊದಲು ಲಾಕುಗಳ ಪಕ್ಕದ ಸಂದರ್ಶಕರ ಕೇಂದ್ರಕ್ಕೆ ಹೋಗಿ. ಪ್ರವೇಶ ಉಚಿತ, ಆ ದಿನ ಬರಲಿರುವ ಹಡಗುಗಳ ಪಟ್ಟಿ ಅಲ್ಲಿ ಸಿಗುತ್ತದೆ. ಸಾವಿರ ಅಡಿಯದೊಂದು ಬರುವ ವೇಳೆ ನೋಡಿಕೊಂಡು ನಿಮ್ಮ ಟಿಕೆಟ್ ತೆಗೆಯಿರಿ. ಜೂನ್ ಕೊನೆಯ ಶುಕ್ರವಾರ ಹೋದರಂತೂ ಇಂಜಿನಿಯರ್ಸ್ ಡೇ: ಬೇರೆ ದಿನ ಬೇಲಿಯಾಚೆಯಿಂದ ನೋಡಬೇಕಾದ ಲಾಕಿನ ಗೋಡೆಗಳ ಮೇಲೆ ಅಂದು ಸಾರ್ವಜನಿಕರೂ ನಡೆದಾಡಬಹುದು.